ಒಂದೇ ಫ್ರೀಕ್ವೆನ್ಸಿ, ಹಲವು ದನಿ: ಸಣ್ಣ ವಿಮಾನಗಳು ಎಟಿಸಿ ಜೊತೆ ಮಾತಾಡುವುದು ಹೇಗೆ, ಕೋಲಾರ–ಚಿಕ್ಕಬಳ್ಳಾಪುರಕ್ಕೆ ಅದರಿಂದೇನು

2025ರ ಜೂನ್‌ನಲ್ಲಿ ಒಂದು ವಾರದ ಅಂತರದಲ್ಲಿ ಎರಡು ಸಲ ಪೈಲಟ್‌ಗಳ 'ಮೇಡೇ' ಕರೆ, ಅಂದರೆ ತುರ್ತು ನೆರವು ಕೋರುವ ರೇಡಿಯೊ ಕರೆ, ದೊಡ್ಡ ಸುದ್ದಿಯಾಯಿತು. ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ನೆಲ ಬಿಟ್ಟ ಕೆಲವೇ ಸೆಕೆಂಡಿನಲ್ಲಿ ರೇಡಿಯೊದಲ್ಲಿ ಮೇಡೇ ಕೇಳಿಸಿತು. ನೆಲದಿಂದ ವಿಮಾನ ಸಂಚಾರ ನಿಯಂತ್ರಿಸುವ ಎಟಿಸಿಯವರು ತಿರುಗಿ ಮಾತಾಡಿಸಿದರು, ಉತ್ತರ ಬರಲಿಲ್ಲ. ಒಳಗಿದ್ದ 242 ಜನರಲ್ಲಿ 241 ಮಂದಿ ತೀರಿಹೋದರು. ಜೂನ್ 19ರಂದು ಗುವಾಹಟಿಯಿಂದ ಚೆನ್ನೈಗೆ ಹೊರಟಿದ್ದ ಇಂಡಿಗೋ ವಿಮಾನ ಚೆನ್ನೈನಲ್ಲಿ ಇಳಿಯಲಾಗದೆ ಬೆಂಗಳೂರಿನತ್ತ ತಿರುಗಿತು. ಇಂಧನ ಕಡಿಮೆಯಾಗಿ, ದೇವನಹಳ್ಳಿಗೆ ಸುಮಾರು 35 ಮೈಲಿ ಇದ್ದಾಗ ಪೈಲಟ್ ಮೇಡೇ ಹೇಳಿದರು. ವಿಮಾನ ಸುರಕ್ಷಿತವಾಗಿ ಇಳಿಯಿತು. ನಕ್ಷೆಯಲ್ಲಿ ಚೆನ್ನೈನಿಂದ ದೇವನಹಳ್ಳಿಗೆ ನೇರ ಗೆರೆ ಎಳೆದು ನೋಡಿದರೆ ಆ 35 ಮೈಲಿಯ ಜಾಗ ಕೋಲಾರ ಜಿಲ್ಲೆಯ ಮೇಲೆ ಬರುತ್ತದೆ.

ಎರಡನೇ ಸುದ್ದಿ ಓದಿದ ಬಹಳ ಜನರಿಗೆ ಗೊಂದಲವಾಯಿತು. ಮೇಡೇ ಅಂದರೆ ವಿಮಾನ ಬೀಳುವುದರಲ್ಲಿತ್ತಾ? ಇಂಧನ ಕಡಿಮೆ ಇರುವುದು ಎಟಿಸಿಗೆ ಮೊದಲೇ ಗೊತ್ತಿರಲಿಲ್ಲವಾ? ಕೆಳಗೆ ಕೂತವರೇ ವಿಮಾನ ನಡೆಸುತ್ತಾರೆ ಅಲ್ವಾ, ಮತ್ತೆ ಯಾಕೆ ಹೀಗಾಯಿತು?

ಈ ಪ್ರಶ್ನೆಗಳಿಗೆ ಉತ್ತರ ಸಿಗಬೇಕಾದರೆ ವಿಮಾನ ಮತ್ತು ನೆಲದ ನಡುವಿನ ರೇಡಿಯೊ ಮಾತು ಹೇಗೆ ನಡೆಯುತ್ತದೆ ಎಂದು ತಿಳಿಯಬೇಕು. ಅದನ್ನು ತಿಳಿಯಲು ದೊಡ್ಡ ಜೆಟ್‌ಗಿಂತ ಸಣ್ಣ ವಿಮಾನ ಒಳ್ಳೆಯ ದಾರಿ. ನಾಲ್ಕು ಸೀಟಿನ ತರಬೇತಿ ವಿಮಾನ, ಖಾಸಗಿ ಪೈಲಟ್ ಓಡಿಸುವ ಸ್ವಂತ ವಿಮಾನ, ಚುನಾವಣೆ ಸಮಯದ ಹೆಲಿಕಾಪ್ಟರ್ ಇವುಗಳಲ್ಲಿ ಯಂತ್ರದ ನೆರವು ಕಡಿಮೆ. ಅಲ್ಲಿ ರೇಡಿಯೊದ ಮಾತೇ ಮುಖ್ಯ ಆಸರೆ. ಬೆಂಗಳೂರಿನ ಸುತ್ತ ಹೊಸ ವಿಮಾನ ನಿಲ್ದಾಣಗಳ ಚರ್ಚೆ ಜೋರಾಗಿರುವ ಈ ಹೊತ್ತಿನಲ್ಲಿ ಇದು ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನವರ ವಿಷಯವೂ ಹೌದು. ಜಾಗ, ಪರಿಹಾರ, ರಸ್ತೆ ಬಗ್ಗೆ ಎಲ್ಲರೂ ಕೇಳುತ್ತಿದ್ದಾರೆ. ಕೆಳಮಟ್ಟದ ಆಕಾಶದಲ್ಲಿ ಹಾರುವವರಿಗೆ ರೇಡಿಯೊದಲ್ಲಿ ಉತ್ತರ ಕೊಡುವವರು ಯಾರು ಎಂದು ಮಾತ್ರ ಹೆಚ್ಚು ಜನ ಕೇಳುತ್ತಿಲ್ಲ. ಕೇಳಲೇಬೇಕಾದ ಪ್ರಶ್ನೆ ಅದು.

ಒಬ್ಬರು ಮಾತಾಡಿದರೆ ಉಳಿದವರು ಸುಮ್ಮನಿರಬೇಕು

ವಿಮಾನದ ರೇಡಿಯೊ ಫೋನಿನಂತಲ್ಲ. ಫೋನಿನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಬಹುದು, ಮೂರನೆಯವರಿಗೆ ಅದು ಕೇಳಿಸುವುದಿಲ್ಲ. ಇಲ್ಲಿ ಎರಡೂ ಉಲ್ಟಾ. ಗುಂಡಿ ಒತ್ತಿ ಮಾತಾಡಬೇಕು, ಬಿಟ್ಟು ಕೇಳಬೇಕು. ಒಬ್ಬರು ಗುಂಡಿ ಒತ್ತಿದರೆ ಆ ಫ್ರೀಕ್ವೆನ್ಸಿಯಲ್ಲಿ ಇರುವ ಎಲ್ಲರಿಗೂ ಕೇಳಿಸುತ್ತದೆ. ಇಬ್ಬರು ಒಟ್ಟಿಗೆ ಒತ್ತಿದರೆ ಯಾರದ್ದೂ ಸರಿಯಾಗಿ ಕೇಳಿಸುವುದಿಲ್ಲ.

ಇದಕ್ಕೆ ಮೀಸಲಾದ ಅಲೆಗಳು 118ರಿಂದ 137 ಮೆಗಾಹರ್ಟ್ಸ್‌ವರೆಗೆ ಇವೆ. ನಾವು ಹಾಡು ಕೇಳುವ ಎಫ್‌ಎಂ 108ಕ್ಕೆ ಮುಗಿಯುತ್ತದೆ, ಇದು ಅದರಿಂದ ಸ್ವಲ್ಪ ಮೇಲೆ. ಆದರೆ ವಿಮಾನದ ರೇಡಿಯೊ ಎಫ್‌ಎಂ ಅಲ್ಲ, ಹಳೆಯ ಎಎಂ ವಿಧಾನ. ಎಫ್‌ಎಂ ದನಿ ಇದಕ್ಕಿಂತ ಎಷ್ಟೋ ಚೆನ್ನಾಗಿರುತ್ತದೆ, ಆದರೂ ಎಎಂ ಉಳಿದುಕೊಂಡಿದೆ. ಎಫ್‌ಎಂನಲ್ಲಿ ಎರಡು ಸಿಗ್ನಲ್ ಒಟ್ಟಿಗೆ ಬಂದರೆ ಜೋರಾಗಿರುವುದು ಇನ್ನೊಂದನ್ನು ಪೂರ್ತಿ ನುಂಗಿಬಿಡುತ್ತದೆ. ದೂರದ ಸಣ್ಣ ವಿಮಾನದವರು ಕರೆದಿದ್ದೇ ಯಾರಿಗೂ ಗೊತ್ತಾಗುವುದಿಲ್ಲ. ಎಎಂನಲ್ಲಿ ಎರಡೂ ಬೆರೆತು ಕಿರ್ರ್ ಎಂಬ ಸದ್ದು ಬರುತ್ತದೆ. ಮಾತು ತಿಳಿಯದಿದ್ದರೂ, ಇನ್ನೊಬ್ಬರು ಮಾತಾಡಿದರು ಎಂದಾದರೂ ತಿಳಿಯುತ್ತದೆ. ಎಟಿಸಿಯವರು ಮತ್ತೆ ಹೇಳಿಸಬಹುದು.

ಇನ್ನೊಂದು ಮಿತಿ ಇದೆ. ಈ ಅಲೆಗಳು ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಸಾಗುತ್ತವೆ. 35,000 ಅಡಿ ಎತ್ತರದ ಜೆಟ್‌ನ ಮಾತು 400 ಕಿಲೋಮೀಟರ್ ದೂರಕ್ಕೂ ತಲುಪಬಹುದು. ಸಮತಟ್ಟು ನೆಲದಿಂದ 1,000 ಅಡಿ ಮೇಲಿರುವ ಸಣ್ಣ ವಿಮಾನದ ಮಾತಿಗೆ ಲೆಕ್ಕದ ಪ್ರಕಾರ ಸಿಗುವ ದೂರ ಸುಮಾರು 70 ಕಿಲೋಮೀಟರ್. 500 ಅಡಿಗೆ ಇಳಿದರೆ 50. ಅದೂ ನಡುವೆ ಬೆಟ್ಟ ಇಲ್ಲದಿದ್ದರೆ ಮಾತ್ರ.

ಚಿಕ್ಕಬಳ್ಳಾಪುರದ ಕಡೆ ಬೆಟ್ಟಕ್ಕೇನು ಕಡಿಮೆ? ನಂದಿ ಬೆಟ್ಟದ ಎತ್ತರ ಸಮುದ್ರಮಟ್ಟದಿಂದ 1,478 ಮೀಟರ್, ಅಂದರೆ ಸುಮಾರು 4,850 ಅಡಿ. ದೇವನಹಳ್ಳಿಯ ರನ್‌ವೇ ಇರುವುದು ಸುಮಾರು 3,000 ಅಡಿಯಲ್ಲಿ. ಪಕ್ಕದಲ್ಲೇ ಸ್ಕಂದಗಿರಿ, ಇತರ ಬೆಟ್ಟಗಳ ಸಾಲು. ಬೆಟ್ಟದ ಆಚೆ ತಗ್ಗಿನಲ್ಲಿ ಹಾರುವ ಹೆಲಿಕಾಪ್ಟರ್‌ಗೆ, ವಿಮಾನ ನಿಲ್ದಾಣ ಕೂಗಳತೆಯಲ್ಲಿದ್ದರೂ ಅದರ ದನಿ ಸಿಗದೇ ಹೋಗಬಹುದು. ಆಗ ಮೇಲೆ ಹೋಗುತ್ತಿರುವ ಇನ್ನೊಂದು ವಿಮಾನದ ಪೈಲಟ್ ನಡುವೆ ನಿಂತು ಮಾತು ದಾಟಿಸುತ್ತಾರೆ. ಕೆಳಗಿನವರು ಹೇಳಿದ್ದನ್ನು ಎಟಿಸಿಗೆ, ಎಟಿಸಿ ಹೇಳಿದ್ದನ್ನು ಕೆಳಗಿನವರಿಗೆ. ಎಲ್ಲರೂ ಒಂದೇ ಫ್ರೀಕ್ವೆನ್ಸಿಯಲ್ಲಿ ಕಿವಿಗೊಟ್ಟು ಕೂತಿರುವುದರ ಲಾಭ ಇದು.

ಹೊರಡುವ ಮೊದಲು, ಹೊರಟ ಮೇಲೆ

ನಮ್ಮಲ್ಲಿ ಖಾಸಗಿ ಪೈಲಟ್ ಸುಮ್ನೆ ಹೋಗಿ ಎಂಜಿನ್ ಸ್ಟಾರ್ಟ್ ಮಾಡುವಂತಿಲ್ಲ. ಫ್ಲೈಟ್ ಪ್ಲ್ಯಾನ್ ಕೊಡಬೇಕು. ವಾಯುಪಡೆಯಿಂದ ಎಡಿಸಿ ಎಂಬ ಅನುಮತಿ ಸಂಖ್ಯೆ, ಮಾಹಿತಿ ಕೇಂದ್ರದಿಂದ ಎಫ್‌ಐಸಿ ಸಂಖ್ಯೆ ಪಡೆಯಬೇಕು. ಇದೆಲ್ಲ ಫೋನ್ ಅಥವಾ ಕಂಪ್ಯೂಟರಿನಲ್ಲಿ ಆಗುತ್ತದೆ. ಆ ಸಂಖ್ಯೆಗಳು ಕೈಗೆ ಬಂದ ಮೇಲೆ ರೇಡಿಯೊ ಮಾತು ಶುರು.

ಮೊದಲ ಕರೆಗೆ ಒಂದು ಕ್ರಮವಿದೆ. ಯಾರನ್ನು ಕರೆಯುತ್ತಿದ್ದೇನೆ, ನಾನು ಯಾರು, ಎಲ್ಲಿದ್ದೇನೆ, ಎಷ್ಟು ಎತ್ತರದಲ್ಲಿದ್ದೇನೆ, ಏನು ಬೇಕು. ಇಷ್ಟೇ. ಬೆಂಗಳೂರಿನ ಜಕ್ಕೂರು ನಿಲ್ದಾಣದಿಂದ ಎದ್ದು ಚಿಂತಾಮಣಿ ಕಡೆ ಹೋಗಬೇಕಾದ ಒಂದು ವಿಮಾನವನ್ನು ಊಹಿಸಿಕೊಳ್ಳೋಣ. ಭಾರತದ ವಿಮಾನಗಳ ಹೆಸರು 'ವಿಟಿ'ಯಿಂದ ಶುರುವಾಗುತ್ತದೆ, ರೇಡಿಯೊದಲ್ಲಿ ಅದು 'ವಿಕ್ಟರ್ ಟ್ಯಾಂಗೊ'. 'ಬೆಂಗಳೂರು ಅಪ್ರೋಚ್' ಅಂದರೆ ನಗರದ ಸುತ್ತಲಿನ ವಿಮಾನಗಳನ್ನು ನೋಡಿಕೊಳ್ಳುವ ಎಟಿಸಿ ವಿಭಾಗ. ಮಾತು ಸುಮಾರಾಗಿ ಹೀಗೆ ನಡೆಯುತ್ತದೆ:

"ಬೆಂಗಳೂರು ಅಪ್ರೋಚ್, ವಿಕ್ಟರ್ ಟ್ಯಾಂಗೊ ಎಕ್ಸ್‌ರೇ ಯಾಂಕೀ ಝುಲು, ಓವರ್ ಜಕ್ಕೂರ್, ಫೋರ್ ಥೌಸಂಡ್ ಫೀಟ್, ರಿಕ್ವೆಸ್ಟ್ ಚಿಂತಾಮಣಿ."

"ಎಕ್ಸ್‌ರೇ ಯಾಂಕೀ ಝುಲು, ಬೆಂಗಳೂರು ಅಪ್ರೋಚ್, ಸ್ಕ್ವಾಕ್ ಫೋರ್ ಟೂ ಒನ್ ಸಿಕ್ಸ್, ಕ್ಯೂಎನ್‌ಹೆಚ್ ಒನ್ ಝೀರೊ ಒನ್ ಟೂ."

"ಸ್ಕ್ವಾಕ್ ಫೋರ್ ಟೂ ಒನ್ ಸಿಕ್ಸ್, ಕ್ಯೂಎನ್‌ಹೆಚ್ ಒನ್ ಝೀರೊ ಒನ್ ಟೂ, ಎಕ್ಸ್‌ರೇ ಯಾಂಕೀ ಝುಲು."

ಮೂರನೇ ಸಾಲು ನೋಡಿ. ಪೈಲಟ್ 'ಸರಿ' ಎಂದು ಹೇಳಿ ಮುಗಿಸಲಿಲ್ಲ. ಕೇಳಿದ್ದನ್ನೇ ತಿರುಗಿ ಹೇಳಿದರು. ಇದನ್ನು ರೀಡ್‌ಬ್ಯಾಕ್ ಎನ್ನುತ್ತಾರೆ. ಇಡೀ ವ್ಯವಸ್ಥೆಯ ಬಲ ಇರುವುದು ಇದರಲ್ಲಿ. ಎತ್ತರ, ದಿಕ್ಕು, ವೇಗ, ರನ್‌ವೇ ಸಂಖ್ಯೆ, ರನ್‌ವೇ ದಾಟುವ ಅಥವಾ ಅದರ ಹೊರಗೇ ನಿಲ್ಲುವ ಸೂಚನೆ, ಫ್ರೀಕ್ವೆನ್ಸಿ ಬದಲಾವಣೆ, ಇಳಿಯುವ ಮತ್ತು ಏರುವ ಅನುಮತಿ ಇವನ್ನೆಲ್ಲ ಹಾಗೇ ತಿರುಗಿ ಹೇಳುವುದು ಕಡ್ಡಾಯ. ಎಟಿಸಿಯ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ರೀಡ್‌ಬ್ಯಾಕ್ ಕಿವಿಗೊಟ್ಟು ಕೇಳಿ, ತಪ್ಪಿದ್ದರೆ ಆ ಕ್ಷಣವೇ ತಿದ್ದಬೇಕು. ಅಂದರೆ ಒಂದೊಂದು ಸೂಚನೆಯೂ ಎರಡು ಸಲ ಪರೀಕ್ಷೆಗೆ ಒಳಗಾಗುತ್ತದೆ.

ಇಷ್ಟೊಂದು ಕಟ್ಟುನಿಟ್ಟು ಯಾಕೆ ಎನ್ನುವುದಕ್ಕೆ ಕ್ಯೂಎನ್‌ಹೆಚ್ ಒಳ್ಳೆಯ ಉದಾಹರಣೆ. ಅದು ಆ ಹೊತ್ತಿನ ಗಾಳಿಯ ಒತ್ತಡದ ಅಂಕಿ. ವಿಮಾನದ ಎತ್ತರ ತೋರಿಸುವ ಮೀಟರ್ ನಿಜಕ್ಕೂ ಅಳೆಯುವುದು ಒತ್ತಡವನ್ನು. ಹಾಗಾಗಿ ಈ ಅಂಕಿಯನ್ನು ಅದಕ್ಕೆ ತುಂಬಬೇಕು. ಈ ಅಂಕಿ ಒಂದರಷ್ಟು ಹೆಚ್ಚುಕಡಿಮೆಯಾದರೆ ಸುಮಾರು 28 ಅಡಿ ವ್ಯತ್ಯಾಸ. 1003 ಎಂದಿದ್ದನ್ನು 1013 ಎಂದು ಕೇಳಿಸಿಕೊಂಡರೆ ಮೀಟರ್ 280 ಅಡಿಯಷ್ಟು ಜಾಸ್ತಿ ತೋರಿಸುತ್ತದೆ. ಪೈಲಟ್ ತಾನು ಮೇಲಿದ್ದೇನೆ ಎಂದುಕೊಂಡಿರುತ್ತಾರೆ, ವಿಮಾನ ಕೆಳಗಿರುತ್ತದೆ. ಮಂಜು ಮುಸುಕಿದ ಬೆಳಗ್ಗೆ ನಂದಿ ಬೆಟ್ಟದ ಹತ್ತಿರ ಈ 280 ಅಡಿಯ ಬೆಲೆ ಏನು ಎಂದು ಈ ಭಾಗದವರಿಗೆ ವಿವರಿಸಬೇಕಾಗಿಲ್ಲ.

ಸ್ಕ್ವಾಕ್ ಎನ್ನುವುದು ಟ್ರಾನ್ಸ್‌ಪಾಂಡರ್‌ಗೆ, ಅಂದರೆ ರಾಡಾರ್‌ಗೆ ಉತ್ತರ ಕಳಿಸುವ ವಿಮಾನದ ಉಪಕರಣಕ್ಕೆ, ಹಾಕುವ ನಾಲ್ಕು ಅಂಕಿಯ ಗುರುತು. ರಾಡಾರ್ ಪರದೆಯ ಮೇಲಿನ ಚುಕ್ಕಿ ಯಾರದ್ದು ಎಂದು ಅದರಿಂದ ಗೊತ್ತಾಗುತ್ತದೆ. ಮೂರು ಅಂಕಿಗಳು ಜಗತ್ತಿನಾದ್ಯಂತ ಮೀಸಲು. 7500 ಅಂದರೆ ಅಪಹರಣ, 7600 ಅಂದರೆ ರೇಡಿಯೊ ಕೆಟ್ಟಿದೆ, 7700 ಅಂದರೆ ತುರ್ತು. ರೇಡಿಯೊ ಪೂರ್ತಿ ಕೈಕೊಟ್ಟರೂ ದಾರಿ ಇದೆ. ಟವರ್‌ನಿಂದ ಬಣ್ಣದ ದೀಪ ತೋರಿಸುತ್ತಾರೆ. ಹಾರುತ್ತಿರುವ ವಿಮಾನಕ್ಕೆ ನಿಂತ ಹಸಿರು ಅಂದರೆ ಇಳಿಯಬಹುದು. ನಿಂತ ಕೆಂಪು ಅಂದರೆ ಬೇರೆಯವರಿಗೆ ದಾರಿ ಬಿಟ್ಟು ಸುತ್ತುತ್ತಿರಿ. ಮಿಣುಕುವ ಕೆಂಪು ಅಂದರೆ ಇಲ್ಲಿ ಇಳಿಯುವುದು ಅಪಾಯ.

ಎಟಿಸಿ ವಿಮಾನ ನಡೆಸುವುದಿಲ್ಲ

ಸುದ್ದಿ ಓದಿದವರ ಗೊಂದಲದ ಮೂಲ ಇಲ್ಲಿದೆ. ಎಟಿಸಿಯ ಮುಖ್ಯ ಕೆಲಸ ವಿಮಾನಗಳನ್ನು ಒಂದಕ್ಕೊಂದು ತಾಗದಂತೆ ದೂರ ಇಡುವುದು ಮತ್ತು ಸರದಿ ನೋಡಿಕೊಳ್ಳುವುದು. ವಿಮಾನದಲ್ಲಿ ಎಷ್ಟು ಇಂಧನ ಉಳಿದಿದೆ, ಎಂಜಿನ್ ಹೇಗಿದೆ ಎಂದು ಅವರ ಪರದೆಯಲ್ಲಿ ಕಾಣುವುದಿಲ್ಲ. ಪೈಲಟ್ ಹೇಳಿದರಷ್ಟೇ ಗೊತ್ತು. ವಿಮಾನದ ಸುರಕ್ಷತೆಯ ಕೊನೆಯ ಮಾತು ಪೈಲಟ್‌ರದ್ದು. ಸೂಚನೆ ಪಾಲಿಸಲು ಆಗದಿದ್ದರೆ 'ಅನೇಬಲ್' ಎಂದು ಹೇಳುವ ಹಕ್ಕು ಅವರಿಗಿದೆ. ಎದುರಿಗೆ ಮೋಡ ಕಟ್ಟಿದ್ದರೆ ತರಬೇತಿ ಪೈಲಟ್ ಕೂಡ ಹಾಗೆ ಹೇಳಬಹುದು, ಹೇಳಲೇಬೇಕು.

ಇಂಧನದ ವಿಷಯಕ್ಕೆ ಎರಡು ಮೆಟ್ಟಿಲುಗಳಿವೆ. ಮೊದಲನೆಯದು 'ಮಿನಿಮಮ್ ಫ್ಯುಯೆಲ್'. ನನಗೆ ಈಗ ಉಳಿದಿರುವುದು ಒಂದೇ ನಿಲ್ದಾಣ, ಇನ್ನು ತಡವಾದರೆ ಕಷ್ಟ ಎಂಬ ಮುನ್ಸೂಚನೆ ಅದು. ತುರ್ತು ಅಲ್ಲ, ಸರದಿ ಹಾರಿಸುವ ಹಕ್ಕೂ ಬರುವುದಿಲ್ಲ. ಎರಡನೆಯದು 'ಮೇಡೇ ಫ್ಯುಯೆಲ್'. ಪ್ರತಿ ವಿಮಾನವೂ ಇಳಿಯುವಾಗ ಮುಟ್ಟದೆ ಉಳಿಸಿಕೊಳ್ಳಬೇಕಾದ ಕೊನೆಯ ಮೀಸಲು ಇಂಧನವಿದೆ. ಜೆಟ್‌ಗೆ ಅದು 30 ನಿಮಿಷ ಹಾರುವಷ್ಟು. ಇಳಿಯುವ ಹೊತ್ತಿಗೆ ಅದಕ್ಕೂ ಕೈ ಬೀಳುತ್ತದೆ ಎಂದು ಲೆಕ್ಕ ಹೇಳಿದರೆ ಮೇಡೇ ಎನ್ನಲೇಬೇಕು. ಅಂದರೆ ಇಂಧನದ ಮೇಡೇ ಬಂದಾಗ ಟ್ಯಾಂಕ್ ಬರಿದಾಗಿದೆ ಎಂದು ಅರ್ಥವಲ್ಲ. ಮೀಸಲಿಗೆ ಕೈ ಹಾಕುವ ಮೊದಲೇ ಪೈಲಟ್ ಬಾಯಿ ಬಿಟ್ಟಿದ್ದಾರೆ ಎಂದು ಅರ್ಥ. ತಕ್ಷಣ ದಾರಿ ತೆರವಾಗುತ್ತದೆ, ಅಗ್ನಿಶಾಮಕ ಗಾಡಿಗಳು ಸಿದ್ಧವಾಗುತ್ತವೆ.

ಅಷ್ಟು ದೂರ ಬರುವವರೆಗೆ ಯಾಕೆ ಬಿಟ್ಟರು ಎಂಬ ಪ್ರಶ್ನೆ ತನಿಖೆಗೆ ಸೇರಿದ್ದು. ಆದರೆ ಮೇಡೇ ಹೇಳಿದ್ದೇ ತಪ್ಪು ಎನ್ನುವ ಮಾತು ಅಪಾಯದ್ದು. ಬೈಗುಳ, ವಿಚಾರಣೆ, ರಜೆಯ ಮೇಲೆ ಕಳಿಸುವುದು ಇದೇ ಉತ್ತರವಾದರೆ ಮುಂದಿನ ಪೈಲಟ್ ಗುಂಡಿ ಒತ್ತುವ ಮೊದಲು ಎರಡು ನಿಮಿಷ ಯೋಚಿಸುತ್ತಾರೆ. ಆ ಎರಡು ನಿಮಿಷ ಸಣ್ಣ ವಿಮಾನದಲ್ಲಿ ಒಬ್ಬರೇ ಕೂತ ಕಲಿಕೆಯ ಪೈಲಟ್‌ಗೆ ಇನ್ನೂ ದುಬಾರಿ.

ಮಾತು ತಪ್ಪಿದಾಗ ಆಗಿರುವುದು

ರೇಡಿಯೊ ಮಾತಿನ ಇವತ್ತಿನ ನಿಯಮಗಳ ಹಿಂದೆ ಸಾವಿನ ಲೆಕ್ಕವಿದೆ.

1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರೀಫ್ ದ್ವೀಪದಲ್ಲಿ ಮಂಜು ಕವಿದಿತ್ತು. ಕೆಎಲ್‌ಎಂ ಪೈಲಟ್ ಟೇಕಾಫ್‌ಗೆ ಅನುಮತಿ ಸಿಗುವ ಮೊದಲೇ ಹೊರಟರು. ಟವರ್ 'ಓಕೆ' ಎಂದು ಶುರುಮಾಡಿ, ಟೇಕಾಫ್‌ಗೆ ಕಾಯಿರಿ ಎಂದಿತು. ಅದೇ ಕ್ಷಣ ಪ್ಯಾನ್ ಆಮ್ ವಿಮಾನ ತಾನಿನ್ನೂ ರನ್‌ವೇ ಮೇಲೇ ಇದ್ದೇನೆ ಎಂದು ಹೇಳಿತು. ಎರಡೂ ಮಾತು ಒಂದರ ಮೇಲೊಂದು ಬಿದ್ದವು. ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ ಸ್ಪಷ್ಟವಾಗಿ ಕೇಳಿಸಿದ್ದು 'ಓಕೆ', ಆಮೇಲೆ ಕಿರ್ರ್ ಸದ್ದು. ಎರಡೂ ವಿಮಾನ ಡಿಕ್ಕಿಯಾಗಿ 583 ಜನ ಸತ್ತರು. ಆಮೇಲೆ 'ಟೇಕಾಫ್' ಎಂಬ ಪದವನ್ನು ನಿಜವಾದ ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಬಳಸುವ ರೂಢಿ ಬಂತು. ಉಳಿದ ಕಡೆ 'ಡಿಪಾರ್ಚರ್' ಎನ್ನುತ್ತಾರೆ.

1996ರ ನವೆಂಬರ್ 12ರ ಚರ್ಖಿ ದಾದ್ರಿ ದುರಂತ ನಮ್ಮದೇ ನೆಲದ್ದು. ಕಜಕಿಸ್ತಾನದ ವಿಮಾನ 15,000 ಅಡಿಯಲ್ಲಿ ಇರಬೇಕಿತ್ತು, ಎದುರಿನಿಂದ ಸೌದಿ ವಿಮಾನ 14,000 ಅಡಿಯಲ್ಲಿ ಬರುತ್ತಿತ್ತು. ಕಜಕ್ ವಿಮಾನದಲ್ಲಿ ಎಟಿಸಿ ಜೊತೆ ಇಂಗ್ಲಿಷ್‌ನಲ್ಲಿ ಮಾತಾಡುತ್ತಿದ್ದವರು ರೇಡಿಯೊ ಆಪರೇಟರ್, ವಿಮಾನ ನಡೆಸುತ್ತಿದ್ದವರು ಬೇರೆ. ಆ ವಿಮಾನ ಹೇಳಿದ್ದಕ್ಕಿಂತ ಕೆಳಗಿಳಿಯಿತು. ಎರಡೂ ಡಿಕ್ಕಿಯಾಗಿ 349 ಜನ ಹೋದರು. ಆಗ ದೆಹಲಿಯ ರಾಡಾರ್ ಎತ್ತರ ತೋರಿಸುತ್ತಿರಲಿಲ್ಲ. ಎತ್ತರ ತಿಳಿಯಲು ಇದ್ದ ದಾರಿ ಪೈಲಟ್‌ರ ಬಾಯಿಮಾತು ಮಾತ್ರ.

ಇದು ಹಳೆಯ ಕಾಲದ ಕತೆ ಎಂದುಕೊಳ್ಳುವಂತಿಲ್ಲ. 2025ರ ಜನವರಿ 29ರಂದು ವಾಷಿಂಗ್ಟನ್‌ನಲ್ಲಿ ಸೇನಾ ಹೆಲಿಕಾಪ್ಟರ್ ಮತ್ತು ಪ್ರಯಾಣಿಕ ಜೆಟ್ ಡಿಕ್ಕಿಯಾಗಿ 67 ಜನ ಸತ್ತರು. ಜೆಟ್‌ನ ಹಿಂದಿನಿಂದ ಹೋಗಿ ಎಂದು ಎಟಿಸಿ ಹೇಳಿದ ಮಾತಿನ ಒಂದು ತುಣುಕು, ಹೆಲಿಕಾಪ್ಟರ್‌ನಲ್ಲಿ ಅದೇ ಹೊತ್ತಿಗೆ ಗುಂಡಿ ಒತ್ತಿದ್ದರಿಂದ, ಒಳಗಿದ್ದವರಿಗೆ ಕೇಳಿಸದೇ ಇರಬಹುದು ಎಂದು ತನಿಖಾ ಸಂಸ್ಥೆ ಹೇಳಿತು. ಒಂದು ಸೆಕೆಂಡಿಗೂ ಕಡಿಮೆ ಹೊತ್ತು. ಇನ್ನೊಂದು ಅಂಶ ನನಗೆ ಅದಕ್ಕಿಂತ ಮುಖ್ಯ ಎನಿಸುತ್ತದೆ. ಹೆಲಿಕಾಪ್ಟರ್ ಮತ್ತು ಜೆಟ್ ಬೇರೆ ಬೇರೆ ಫ್ರೀಕ್ವೆನ್ಸಿಯಲ್ಲಿದ್ದವು. ಎಟಿಸಿಗೆ ಇಬ್ಬರ ಮಾತೂ ಕೇಳಿಸುತ್ತಿತ್ತು, ಆದರೆ ಆ ಇಬ್ಬರಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುತ್ತಿರಲಿಲ್ಲ.

ನಮ್ಮ ಬಾಗಿಲಿಗೂ ಒಂದು ಬಂದು ಹೋಗಿದೆ. 2022ರ ಜನವರಿ 7ರ ಬೆಳಗ್ಗೆ ದೇವನಹಳ್ಳಿಯಲ್ಲಿ ಕೋಲ್ಕತ್ತ ಮತ್ತು ಭುವನೇಶ್ವರಕ್ಕೆ ಹೊರಟ ಎರಡು ವಿಮಾನಗಳು ಎರಡು ರನ್‌ವೇಗಳಿಂದ ಹೆಚ್ಚುಕಡಿಮೆ ಒಟ್ಟಿಗೆ ಮೇಲೇರಿ ಒಂದರತ್ತ ಒಂದು ಸಾಗಿದವು. ಒಂದೇ ರನ್‌ವೇ ಬಳಸುವ ತೀರ್ಮಾನ ಆಗಿತ್ತು, ಅದು ದಕ್ಷಿಣದ ಟವರ್‌ಗೆ ತಲುಪಿರಲಿಲ್ಲ. ರಾಡಾರ್ ಮುಂದೆ ಕೂತಿದ್ದ ಕಂಟ್ರೋಲರ್ ಗಮನಿಸಿ, ಇಬ್ಬರಿಗೂ ಬೇರೆ ದಿಕ್ಕು ಕೊಟ್ಟರು. ಅನಾಹುತ ತಪ್ಪಿತು. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಬೇಕಿದ್ದ ಮಾತು ಹೋಗಲಿಲ್ಲ. ಅದನ್ನು ಸರಿಪಡಿಸಿದ್ದು ಇನ್ನೊಂದು ಮಾತು.

ಟವರ್ ಇಲ್ಲದ ಜಾಗದಲ್ಲಿ

2023ರ ಮೇ 2ರಂದು ಡಿ.ಕೆ. ಶಿವಕುಮಾರ್ ಅವರು ಜಕ್ಕೂರಿನಿಂದ ಮುಳಬಾಗಿಲಿನ ಸಭೆಗೆ ಹೊರಟಿದ್ದ ಹೆಲಿಕಾಪ್ಟರ್‌ಗೆ ಹೊಸಕೋಟೆ ಹತ್ತಿರ ಹದ್ದು ಬಡಿಯಿತು. ಮುಂದಿನ ಗಾಜು ಒಡೆಯಿತು. ಪೈಲಟ್ ಎಚ್‌ಎಎಲ್ ನಿಲ್ದಾಣದಲ್ಲಿ ಸುರಕ್ಷಿತವಾಗಿ ಇಳಿಸಿದರು. ಎಟಿಸಿ ಇರುವ, ಅಗ್ನಿಶಾಮಕ ಗಾಡಿ ಇರುವ ನಿಲ್ದಾಣ ಹತ್ತಿರವೇ ಇತ್ತು. ಇದೇ ಘಟನೆ ಮುಳಬಾಗಿಲಿನ ಆಚೆ, ಕೆಳಮಟ್ಟದಲ್ಲಿ ಆಗಿದ್ದರೆ ಪರಿಸ್ಥಿತಿ ಬೇರೆಯೇ ಇರುತ್ತಿತ್ತು.

ನಮ್ಮ ಜಿಲ್ಲೆಗಳಲ್ಲಿ ಹೆಲಿಕಾಪ್ಟರ್ ಇಳಿಯುವುದು ಜಾಸ್ತಿ ಶಾಲಾ ಮೈದಾನದಲ್ಲಿ, ಕಾಲೇಜು ಆಟದ ಬಯಲಿನಲ್ಲಿ. ಸುಣ್ಣದಲ್ಲಿ ಬರೆದ 'ಎಚ್' ಗುರುತು, ಗಾಳಿಯ ದಿಕ್ಕು ತೋರಿಸಲು ಹೊಗೆ, ಸುತ್ತ ಪೊಲೀಸರು. ರೇಡಿಯೊದಲ್ಲಿ ಉತ್ತರ ಕೊಡುವವರು ಯಾರೂ ಇರುವುದಿಲ್ಲ. ಕೆಳಗಿಳಿದಂತೆ ಬೆಂಗಳೂರಿನ ದನಿಯೂ ಕಡಿದುಹೋಗಬಹುದು. ಅದಕ್ಕೇ ಇಳಿದ ಮೇಲೆ ಪೈಲಟ್ ಫೋನ್ ಮಾಡಿಯಾದರೂ ಇಳಿದೆ ಎಂದು ತಿಳಿಸಬೇಕು. ಬರಬೇಕಾದ ಸುದ್ದಿ 30 ನಿಮಿಷ ಕಳೆದರೂ ಬರದಿದ್ದರೆ, ಹುಡುಕಾಟದ ಮೊದಲ ಹಂತದ ಎಚ್ಚರಿಕೆ ಶುರುವಾಗುತ್ತದೆ.

ಟವರ್ ಇಲ್ಲದ ರನ್‌ವೇಗಳಲ್ಲಿ ಪೈಲಟ್‌ಗಳು ತಾವೇ ಸಾರುತ್ತಾರೆ. ನಾನು ಇಷ್ಟು ದೂರದಲ್ಲಿದ್ದೇನೆ, ಈ ಕಡೆಯಿಂದ ಇಳಿಯುತ್ತೇನೆ, ರನ್‌ವೇ ಬಿಟ್ಟೆ, ಹೀಗೆ. ಸಿಗ್ನಲ್ ಇಲ್ಲದ ಸರ್ಕಲ್‌ನಲ್ಲಿ ಹಾರ್ನ್ ಹೊಡೆದು ಮೆಲ್ಲಗೆ ಮುಂದೆ ಹೋದಂತೆ. ಅಮೆರಿಕದಲ್ಲಿ ಸಾವಿರಾರು ಸಣ್ಣ ನಿಲ್ದಾಣಗಳು ಹೀಗೇ ನಡೆಯುತ್ತವೆ. ಎಲ್ಲರೂ ಒಂದೇ ಫ್ರೀಕ್ವೆನ್ಸಿಯಲ್ಲಿದ್ದು, ಎಲ್ಲರೂ ಮಾತಾಡಿದರೆ ಇದು ಕೆಲಸ ಮಾಡುತ್ತದೆ. ಒಬ್ಬರು ತಪ್ಪು ಫ್ರೀಕ್ವೆನ್ಸಿ ಹಾಕಿಕೊಂಡಿದ್ದರೂ ಉಳಿದವರಿಗೆ ಅವರು ಇಲ್ಲವೆಂದೇ ಲೆಕ್ಕ.

ಇಲ್ಲಿ ಅಭಿಪ್ರಾಯಗಳು ಎರಡಾಗುತ್ತವೆ. ಪ್ರತಿ ರನ್‌ವೇಗೂ ಟವರ್ ಬೇಕೇ ಬೇಕು ಎನ್ನುವವರು ಜೀವದ ಪ್ರಶ್ನೆ ಎತ್ತುತ್ತಾರೆ. ಅವರ ಮಾತಿನಲ್ಲಿ ನ್ಯಾಯವಿದೆ. ದಿನಕ್ಕೆ ಎರಡು ವಿಮಾನ ಬರುವ ಕಡೆ ಪಾಳಿಯ ಮೇಲೆ ತರಬೇತಿ ಪಡೆದ ಕಂಟ್ರೋಲರ್‌ಗಳನ್ನು ಕೂರಿಸಿದರೆ ದೊಡ್ಡ ನಿಲ್ದಾಣಗಳಿಗೆ ಜನ ಸಾಲುವುದಿಲ್ಲ ಎನ್ನುವವರು ಇನ್ನೊಂದು ಕಡೆ. ಅದೂ ಸುಳ್ಳಲ್ಲ. ನಡುವಿನ ದಾರಿ ಎರಡಿವೆ. ಒಂದು, ಆಜ್ಞೆ ಕೊಡದೆ ಮಾಹಿತಿ ಮಾತ್ರ ಕೊಡುವ ಸಿಬ್ಬಂದಿ. ಗಾಳಿ ಹೀಗಿದೆ, ರನ್‌ವೇ ಮೇಲೆ ದನ ಇದೆ, ಇನ್ನೊಂದು ವಿಮಾನ ಇಷ್ಟು ದೂರದಲ್ಲಿದೆ ಎಂದು ಹೇಳುವವರು. ಎರಡು, ಕ್ಯಾಮೆರಾ ಮೂಲಕ ದೂರದಿಂದ ನೋಡುವ ರಿಮೋಟ್ ಟವರ್. ಸ್ವೀಡನ್ನಿನ ಅರ್ನ್‌ಶೋಲ್ಡ್ಸ್‌ವಿಕ್‌ನಲ್ಲಿ 2015ರಲ್ಲೇ ಇದು ಶುರುವಾಯಿತು. ಒಂದೇ ಕೇಂದ್ರದಿಂದ ಹಲವು ಸಣ್ಣ ನಿಲ್ದಾಣಗಳನ್ನು ನೋಡಿಕೊಳ್ಳಬಹುದು. ಕರೆಂಟ್ ಮತ್ತು ಕೇಬಲ್ ಎರಡಕ್ಕೂ ಬದಲಿ ವ್ಯವಸ್ಥೆ ಗಟ್ಟಿಯಾಗಿದ್ದರೆ ಮಾತ್ರ. ನನ್ನ ಮಟ್ಟಿಗೆ ಮೊದಲನೆಯದು ನಮ್ಮ ಕಡೆಗೆ ಬೇಗ ಆಗುವಂಥದ್ದು, ಖರ್ಚೂ ಕಡಿಮೆ.

ತುಮಕೂರಿನಲ್ಲಿ ಒಂದು ಒಳ್ಳೆಯ ಮಾದರಿ ಇದೆ. ಗುಬ್ಬಿ ತಾಲ್ಲೂಕಿನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 615 ಎಕರೆಯಲ್ಲಿದೆ, 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಮೊದಲಿಗೆ ವರ್ಷಕ್ಕೆ ಸುಮಾರು 30 ಹೆಲಿಕಾಪ್ಟರ್, ಮುಂದೆ 60, ಆಮೇಲೆ 90 ಎಂಬುದು ಗುರಿ. ಅಲ್ಲಿ ಹೆಲಿಕಾಪ್ಟರ್‌ಗೆಂದೇ ರನ್‌ವೇ, ಅದಕ್ಕೆ ಸ್ವಂತ ಎಟಿಸಿ ಎರಡನ್ನೂ ಯೋಜನೆಯಲ್ಲೇ ಸೇರಿಸಿದ್ದರು.

ಕನ್ನಡದಲ್ಲಿ ಯಾಕೆ ಮಾತಾಡಬಾರದು?

ಇದು ಆಗಾಗ ಕೇಳಿಬರುವ ಪ್ರಶ್ನೆ. ಅಂತರರಾಷ್ಟ್ರೀಯ ನಿಯಮ ಸ್ಥಳೀಯ ಭಾಷೆಯನ್ನು ತಡೆಯುವುದಿಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ಫ್ರೆಂಚ್ ಬಳಸುತ್ತಾರೆ. ಆದರೂ ಬೆಂಗಳೂರಿನ ಆಕಾಶದಲ್ಲಿ ಇಂಗ್ಲಿಷ್ ಒಂದೇ ಇರುವುದು ಸರಿ ಎಂದೇ ನನ್ನ ಅಭಿಪ್ರಾಯ. ಈ ವ್ಯವಸ್ಥೆಯಲ್ಲಿ ಮಾತು ಇಬ್ಬರ ನಡುವಿನದ್ದಲ್ಲ, ಕೇಳಿಸಿಕೊಳ್ಳುವ ಎಲ್ಲರದ್ದು. ಹಿಂದಿನಿಂದ ಬರುವ ವಿದೇಶಿ ಪೈಲಟ್‌ಗೂ ಮುಂದಿನ ತರಬೇತಿ ವಿಮಾನ ಎಲ್ಲಿದೆ ಎಂದು ತಿಳಿಯಬೇಕು. ಬಾಗೇಪಲ್ಲಿಯ ಅಥವಾ ಪಾವಗಡದ ಹುಡುಗಿ ಪೈಲಟ್ ಆಗಲು ಹೊರಟರೆ ಈ ಇಂಗ್ಲಿಷ್ ಕಂಡು ಹೆದರಬೇಕಾಗಿಲ್ಲ. ಅದು ಸಾಹಿತ್ಯದ ಇಂಗ್ಲಿಷ್ ಅಲ್ಲ, ಲೆಕ್ಕಕ್ಕೆ ಸಿಗುವಷ್ಟು ಪದಗಳ ಕಟ್ಟಿದ ಮಾತು. ಆ ಮಾತಿನ ಹಿಂದಿನ ಕಾರಣಗಳನ್ನು ಕನ್ನಡದಲ್ಲಿ ಹೇಳಿಕೊಟ್ಟರೆ ಇನ್ನೂ ಬೇಗ ಹಿಡಿಯುತ್ತದೆ.

ಪೈಲಟ್ ಆಗಲು ಬರೆಯಬೇಕಾದ ರೇಡಿಯೊ ಪರೀಕ್ಷೆಯ ವಿಚಾರದಲ್ಲಿ ಒಂದು ಬದಲಾವಣೆ ಆಗಿದೆ. ಪೈಲಟ್‌ಗಳ ರೇಡಿಯೊ ಪ್ರಮಾಣಪತ್ರವಾದ ಆರ್‌ಟಿಆರ್ ಪರೀಕ್ಷೆಯನ್ನು ದೂರಸಂಪರ್ಕ ಇಲಾಖೆ ನಡೆಸುತ್ತಿತ್ತು. ಲೈಸೆನ್ಸ್ ಕೊಡುವುದು ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎ, ರೇಡಿಯೊ ಪರೀಕ್ಷೆ ಇನ್ನೊಬ್ಬರದ್ದು. 2025ರ ಜನವರಿ 1ರಂದು ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮ ಅದನ್ನೂ ಡಿಜಿಸಿಎ ಕೈಗೆ ಕೊಟ್ಟಿತು. ಅಲೆದಾಟ ತಪ್ಪುತ್ತದೆ ಎಂಬುದು ಒಳ್ಳೆಯದೇ. ಪರೀಕ್ಷೆಯಲ್ಲಿ ಬಾಯಿಪಾಠಕ್ಕಿಂತ ನಿಜವಾದ ಗದ್ದಲದ ನಡುವೆ ಕೇಳಿಸಿಕೊಂಡು ಉತ್ತರಿಸುವುದಕ್ಕೆ ತೂಕ ಸಿಕ್ಕರೆ ಬದಲಾವಣೆ ಸಾರ್ಥಕ.

ಮಾತಿನ ಬದಲು ಮೆಸೇಜ್?

ತಪ್ಪು ಕೇಳಿಸುವುದೇ ಸಮಸ್ಯೆಯಾದರೆ ಬರೆದೇ ಕಳಿಸಬಹುದಲ್ವಾ? ಸಾಗರದ ಮೇಲೆ ಹೋಗುವ ದೊಡ್ಡ ವಿಮಾನಗಳಲ್ಲಿ ಹಾಗೆ ನಡೆಯುತ್ತಿದೆ. ಅದರಲ್ಲಿ ಅಂಕಿ ತಪ್ಪಾಗಿ ಕೇಳಿಸುವ ಭಯ ಇಲ್ಲ. ಆದರೆ ಓದಲು, ಉತ್ತರಿಸಲು ಹೊತ್ತು ಹಿಡಿಯುತ್ತದೆ. ಇಳಿಯುವ ಹಂತದಲ್ಲಿ ಅಷ್ಟು ಪುರುಸೊತ್ತು ಇರುವುದಿಲ್ಲ. ಸಣ್ಣ ವಿಮಾನದ ಪೈಲಟ್‌ಗೆ ಕಣ್ಣು ಹೊರಗಿರಬೇಕು, ಪರದೆಯ ಮೇಲಲ್ಲ. ಬರೆದ ಸಂದೇಶ ಒಬ್ಬರಿಗೆ ಮಾತ್ರ ಹೋಗುವುದರಿಂದ ಉಳಿದವರಿಗೆ ಸುತ್ತಲಿನ ಚಿತ್ರವೂ ತಪ್ಪಿಹೋಗುತ್ತದೆ. ಕೆಳಮಟ್ಟದ ಆಕಾಶದಲ್ಲಿ ದನಿಗೆ ಇನ್ನೂ ಬಹಳ ಕಾಲ ಬದಲಿ ಇಲ್ಲ.

ಹೊಸ ನಿಲ್ದಾಣಗಳು ಬಂದರೆ

ದೇವನಹಳ್ಳಿ ನಿಲ್ದಾಣ 2008ರ ಮೇ 24ರಂದು ಶುರುವಾಯಿತು. ಮೈಸೂರು, ಹಾಸನ ಬಿಟ್ಟು 150 ಕಿಲೋಮೀಟರ್ ಒಳಗೆ ಇನ್ನೊಂದು ನಿಲ್ದಾಣ ಬರಬಾರದು ಎಂಬ ಒಪ್ಪಂದದ ಷರತ್ತು 2033ಕ್ಕೆ ಮುಗಿಯುತ್ತದೆ. ಅದನ್ನು ನೋಡಿಕೊಂಡೇ ರಾಜ್ಯ ಸರ್ಕಾರ ಎರಡನೇ ನಿಲ್ದಾಣಕ್ಕೆ ಕನಕಪುರ ರಸ್ತೆಯಲ್ಲಿ ಎರಡು, ನೆಲಮಂಗಲ–ಕುಣಿಗಲ್ ರಸ್ತೆಯಲ್ಲಿ ಒಂದು ಜಾಗ ಗುರುತಿಸಿತು. 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಬಂದು ನೋಡಿತು. ತುಮಕೂರಿನ ಕಡೆಯವರು ಶಿರಾ ಹತ್ತಿರ ಆಗಲಿ ಎನ್ನುತ್ತಿದ್ದಾರೆ. ಆಚೆ ತಮಿಳುನಾಡು ಸರ್ಕಾರ ಹೊಸೂರಿನಲ್ಲಿ ನಿಲ್ದಾಣ ಮಾಡುವುದಾಗಿ 2024ರಲ್ಲಿ ಘೋಷಿಸಿದೆ. ಹೊಸೂರಿಗೆ ನಮ್ಮ ಮಾಲೂರು ತೀರ ಹತ್ತಿರ.

ಇವೆಲ್ಲ ನೆಲದ ಮೇಲೆ ಬೇರೆ ಬೇರೆ ಊರುಗಳು. ಆಕಾಶದಲ್ಲಿ ಹೆಚ್ಚುಕಡಿಮೆ ಒಂದೇ ಅಂಗಳ. ಅದರಲ್ಲಿ ಈಗಾಗಲೇ ದೇವನಹಳ್ಳಿ ಇದೆ, ಯಲಹಂಕ ವಾಯುನೆಲೆ ಇದೆ, ಎಚ್‌ಎಎಲ್ ಇದೆ, ತರಬೇತಿ ಶಾಲೆ ಇರುವ ಜಕ್ಕೂರು ಇದೆ. ಇನ್ನೊಂದು ದೊಡ್ಡ ನಿಲ್ದಾಣ ಸೇರಿದರೆ ಜೆಟ್‌ಗಳು ಏರುವ, ಇಳಿಯುವ ದಾರಿಗಳಿಗೆ ಮೊದಲು ಜಾಗ ಸಿಗುತ್ತದೆ. ಉಳಿದ ಚೂರು ಸಣ್ಣವರಿಗೆ. ಅದರ ಪರಿಣಾಮ ಒಂದರ ಹಿಂದೆ ಒಂದು ಬರುತ್ತದೆ. ಸಣ್ಣ ವಿಮಾನಗಳು ಇನ್ನೂ ಕೆಳಗೆ, ಇನ್ನೂ ಇಕ್ಕಟ್ಟಿನಲ್ಲಿ ಹಾರಬೇಕಾಗುತ್ತದೆ. ಕೆಳಗೆ ಹಾರಿದಷ್ಟೂ ಬೆಟ್ಟದ ಮರೆಯಲ್ಲಿ ರೇಡಿಯೊ ಕಡಿಯುತ್ತದೆ. ಕಡಿದ ಮಾತನ್ನು ಮತ್ತೆ ಮತ್ತೆ ಕೇಳಬೇಕಾಗುವುದರಿಂದ ಫ್ರೀಕ್ವೆನ್ಸಿ ತುಂಬುತ್ತದೆ. ತುಂಬಿದ ಫ್ರೀಕ್ವೆನ್ಸಿಯಲ್ಲಿ ಹೊಸ ಪೈಲಟ್ ಮಾತಾಡಲು ಹಿಂಜರಿಯುತ್ತಾರೆ. ವಾಷಿಂಗ್ಟನ್‌ನಲ್ಲಿ ಆದಂತೆ ಸಣ್ಣವರನ್ನು ಬೇರೆ ಫ್ರೀಕ್ವೆನ್ಸಿಗೆ ಹಾಕಿ ಇಬ್ಬರನ್ನೂ ಒಬ್ಬರೇ ಕಂಟ್ರೋಲರ್‌ಗೆ ಒಪ್ಪಿಸಿದರೆ ತೊಂದರೆ ಮುಗಿಯುವುದಿಲ್ಲ, ಕಣ್ಮರೆಯಾಗುತ್ತದೆ ಅಷ್ಟೇ.

ಇದನ್ನು ತಡೆಯುವುದು ದೊಡ್ಡ ಖರ್ಚಿನ ಕೆಲಸವಲ್ಲ, ಈಗಲೇ ಮಾಡಿದರೆ. ಸಣ್ಣ ವಿಮಾನ ಮತ್ತು ಹೆಲಿಕಾಪ್ಟರ್‌ಗಳಿಗೆ ಎತ್ತರ ನಿಗದಿ ಮಾಡಿದ ದಾರಿಗಳು ಬೇಕು. ಆ ದಾರಿಯಲ್ಲಿ ಕಣ್ಣಿಗೆ ಕಾಣುವ ಗುರುತುಗಳು ಬೇಕು, ಕೆರೆ, ಬೆಟ್ಟ, ಹೆದ್ದಾರಿ ಸೇರುವ ಜಾಗ, ಹೀಗೆ. ಬೆಟ್ಟದ ಸಾಲಿನ ಆಚೆ ಇರುವ ಚಿಂತಾಮಣಿ, ಬಾಗೇಪಲ್ಲಿ ಕಡೆಗೆ ದನಿ ತಲುಪಿಸಲು ಎತ್ತರದ ಜಾಗದಲ್ಲಿ ರಿಸೀವರ್ ಮತ್ತು ಟ್ರಾನ್ಸ್‌ಮಿಟರ್ ಬೇಕು. ಆ ಫ್ರೀಕ್ವೆನ್ಸಿಗೆ ಬೇರೆ ಕೆಲಸ ಇಲ್ಲದ ಒಬ್ಬ ಕಂಟ್ರೋಲರ್ ಬೇಕು. ಹೊಸ ನಿಲ್ದಾಣಕ್ಕೆ ಆಕಾಶದ ಅಧ್ಯಯನ ಹೇಗಿದ್ದರೂ ನಡೆಯಲೇಬೇಕು. ಜೆಟ್‌ಗಳ ಜೊತೆ ಜಕ್ಕೂರಿನ ತರಬೇತಿ ಹಾರಾಟ, ಗುಬ್ಬಿಯ ಪರೀಕ್ಷಾ ಹಾರಾಟ, ಚುನಾವಣೆ ಸಮಯದ ಹೆಲಿಕಾಪ್ಟರ್‌ಗಳನ್ನೂ ಅದರಲ್ಲಿ ಎಣಿಸಬೇಕು. ಜನರ ಅಹವಾಲು ಕೇಳುವ ಸಭೆ ನಡೆದಾಗ ನೆಲಮಂಗಲ, ಕುಣಿಗಲ್, ಮಾಲೂರಿನವರು ಜಮೀನಿನ ಬೆಲೆಯ ಜೊತೆಗೆ ಆ ಎಣಿಕೆಯನ್ನೂ ತೋರಿಸಿ ಎಂದು ಕೇಳಬಹುದು. ನಕ್ಷೆ ಅಂತಿಮವಾದ ಮೇಲೆ ದಾರಿ ಬದಲಿಸುವುದು ಕಷ್ಟ, ಏಕೆಂದರೆ ರನ್‌ವೇಯ ದಿಕ್ಕು ಒಮ್ಮೆ ಗೊತ್ತಾದರೆ ಅದರ ಮೇಲಿನ ಆಕಾಶದ ಹಂಚಿಕೆಯೂ ಅದರ ಜೊತೆಗೇ ಗೊತ್ತಾಗಿಬಿಡುತ್ತದೆ.